ಕಾರ್ಕಳದಿಂದ ಉಡುಪಿಗೆ, ಬಸ್ಸಿಲ್ಲದೆ

ಸುಮ್ಮನೆ ಓಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸಣ್ಣದೊಂದು ಅನುಮಾನ. ಎಂಬತ್ತರ ದಶಕದ ಆರಂಭದಲ್ಲಿ ನಮ್ಮ ಕಡೆ ಸಂಸಾರಸ್ಥ ಗಂಡಸು ರಸ್ತೆಯಲ್ಲಿ ಓಡಬೇಕಾದರೆ ಅದಕ್ಕೊಂದು ಮರ್ಯಾದೆಯ ಕಾರಣ ಇರಬೇಕಿತ್ತು. ಬಸ್ಸು ಹೊರಡುತ್ತಿರಬೇಕು, ಇಲ್ಲವೇ ಹಗ್ಗ ಕಿತ್ತುಕೊಂಡ ದನ ಮುಂದೆ ಓಡುತ್ತಿರಬೇಕು, ಅದೂ ಇಲ್ಲದಿದ್ದರೆ ಅಂಗಳದಲ್ಲಿ ಒಣಹಾಕಿದ ಭತ್ತದ ಕಡೆ ಮಳೆ ಬರುತ್ತಿರಬೇಕು. ಇವು ಯಾವುದೂ ಇಲ್ಲದೆ, ಬೆಳಗಿನ ಹೊತ್ತು, ಚಡ್ಡಿ ಹಾಕಿಕೊಂಡು, ಎಲ್ಲಿಂದಲೋ ಹೊರಟು ತಿರುಗಿ ಅಲ್ಲಿಗೇ ಬರುವ ಓಟವನ್ನು ಊರಿನವರು ಓಟವೆಂದು ಒಪ್ಪುತ್ತಿರಲಿಲ್ಲ. ನಾನೂ ಒಪ್ಪುತ್ತಿರಲಿಲ್ಲ. ಅಂಥ ನಾನು, ನಲವತ್ತು ದಾಟಿದವನು, ಚಪ್ಪಟೆ ಪಾದದವನು, ಮಣಿಪಾಲದ ಒಂದು ವಿಮಾ ಕಚೇರಿಯಲ್ಲಿ ದಿನವಿಡೀ ಕುರ್ಚಿಗೆ ಅಂಟಿಕೊಂಡು ಕೂರುವವನು, ಕಾರ್ಕಳದಿಂದ ಉಡುಪಿಯವರೆಗೆ ಮ್ಯಾರಥಾನ್ ಓಡುತ್ತೇನೆಂದು ಹೆಸರು ಕೊಟ್ಟದ್ದು ಹೇಗೆ ಎಂದು ಹೇಳಬೇಕಾದರೆ ಮೊದಲು ನನ್ನ ಬೆನ್ನಿನ ಬಗ್ಗೆ ಹೇಳಬೇಕು.

ನನ್ನ ಬೆನ್ನು ನನಗೆ ಪರಿಚಯವಾದದ್ದು ಒಂದು ಕಬ್ಬಿಣದ ಕಪಾಟಿನಿಂದ. ಅಲೆವೂರಿನ ನಮ್ಮ ಮನೆಯಲ್ಲಿ ಅದನ್ನು ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಸರಿಸುವಾಗ, ಸೊಂಟದ ಹತ್ತಿರ ಯಾರೋ ಬಾಗಿಲು ಹಾಕಿದಂತೆ 'ಟಕ್' ಎಂದಿತು. ಕಪಾಟು ಅಲ್ಲೇ ನಿಂತಿತು, ನಾನು ಬಿದ್ದೆ. ಬೆನ್ನುಮೂಳೆಯ ನಡುವಿನ ಬಿಲ್ಲೆ ಜಾರಿದೆ ಎಂದರು. ಆ ಮಳೆಗಾಲವನ್ನೆಲ್ಲ ನಾನು ಒಂದು ಹಲಸಿನ ಹಲಗೆಯ ಮೇಲೆ ಮಲಗಿ ಮಾಡಿನ ಹಂಚು ನೋಡುತ್ತಾ ಕಳೆದೆ. ನನ್ನ ಹೆಂಡತಿ ಲೀನಾ ಮೀಯಿಸಿದಳು, ಉಣಿಸಿದಳು, ಕಾಲಿನ ಉಗುರು ಕತ್ತರಿಸಿದಳು. ಹಲಗೆಯ ಮೇಲೆ ಮಲಗಿದವನನ್ನು ನೋಡಲು ಜನ ಬರುತ್ತಾರೆ. ಬಂದವರಲ್ಲಿ ಲೀನಾಳ ಸೋದರಮಾವ ಪಾವ್ಲು ಮಾಮನೂ ಒಬ್ಬರು. ಅವರಿಗೆ ಯಾವ ರೋಗಿಯನ್ನು ನೋಡಿದರೂ ಕೊನೆಯ ಮಾತು ಹೇಳಿ ಹೋಗುವ ಅಭ್ಯಾಸ. ನನ್ನ ಕಾಲ ಬುಡದಲ್ಲಿ ನಿಂತು, ಬಿಲ್ಲೆಯ ಜೊತೆಗೆ ನನ್ನ ಕಿವಿಯೂ ಜಾರಿದೆ ಎಂದುಕೊಂಡವರ ಹಾಗೆ, ದೊಡ್ಡ ಗಂಟಲಲ್ಲಿ ಲೀನಾಳಿಗೆ ಹೇಳಿದರು: "ಇನ್ನು ಇವನು ಕೂತು ಉಣ್ಣುವ ಜನ ಮಗಾ. ನೀನು ಹೊಲಿಗೆಯಾದರೂ ಕಲ್ತುಕೋ."

ಆ ಮಾತನ್ನು ನಾನು ನಕ್ಕು ಮರೆಯುತ್ತಿದ್ದೆನೋ ಏನೋ. ನಾನು ಎದ್ದು ನಡೆಯಲು ಶುರುಮಾಡಿ, ಮೊಟ್ಟೆಗಳನ್ನು ಹೊತ್ತವನ ಹಾಗೆ ಕಚೇರಿಗೂ ಹೋಗಲು ಶುರುಮಾಡಿದ ಮೇಲೆ, ಒಂದು ದಿನ ಚಿಲ್ಲರೆಗೆಂದು ಲೀನಾಳ ಚೀಲಕ್ಕೆ ಕೈ ಹಾಕಿದಾಗ ಅಳತೆಯ ಟೇಪೊಂದು ಸಿಕ್ಕಿತು. ನೆರೆಮನೆಯಲ್ಲಿ ವಿಚಾರಿಸಿದರೆ, ನಾನು ಹಲಗೆಯ ಮೇಲಿದ್ದಾಗಿನಿಂದಲೇ ಅವಳು ಶನಿವಾರ ಶನಿವಾರ ಉಡುಪಿಗೆ ಹೋಗಿ ಹೊಲಿಗೆ ಕಲಿಯುತ್ತಿದ್ದಾಳೆ. ಟೇಪನ್ನು ಇದ್ದಲ್ಲೇ ಇಟ್ಟೆ. ಆದರೆ ಆ ಟೇಪು ನನ್ನ ಸೊಂಟಕ್ಕೆ ಕಪಾಟಿಗಿಂತ ಜೋರಾಗಿ ಹೊಡೆಯಿತು. ಪಾವ್ಲು ಮಾಮ ಹೇಳುವುದು ಬೇರೆ, ಹೆಂಡತಿ ನಂಬುವುದು ಬೇರೆ.

ಇಂಥ ಮನಃಸ್ಥಿತಿಯಲ್ಲಿರುವವನ ಕೈಗೆ ಯಾರೂ ಪೆನ್ನು ಕೊಡಬಾರದು. ನಮ್ಮ ಕಚೇರಿಯ ಕೆಳಗಿನ ಚಹಾದಂಗಡಿಗೆ ಯುವಕ ಸಂಘದವರಿಬ್ಬರು ಬಂದು, ಬೇಸಿಗೆಗೆ ಮುಂಚೆ ಮ್ಯಾರಥಾನ್ ಇಟ್ಟಿದ್ದೇವೆ, ಯಾರಾದರೂ ಹೆಸರು ಕೊಡ್ತೀರಾ ಎಂದು ಕೇಳಿದರು. ಕಾರ್ಕಳದಿಂದ ಹೊರಟು ಬೈಲೂರು, ಹಿರಿಯಡ್ಕ, ಪರ್ಕಳ, ಮಣಿಪಾಲ ದಾಟಿ ಉಡುಪಿ. ದೂರ ಕಡಿಮೆ ಬಿದ್ದರೆ ಉಡುಪಿಯ ಪೇಟೆಯೊಳಗೆ ಸುತ್ತಿಸುತ್ತೇವೆ ಎಂದರು. ಜೀಪಿನಲ್ಲಿ ಅಳೆದಿದ್ದರಂತೆ. ಪಕ್ಕದ ಮೇಜಿನ ಸಹೋದ್ಯೋಗಿ ಶ್ರೀಧರ ಪೈ ನನ್ನ ಕಡೆ ಬೆರಳು ತೋರಿಸಿ, "ಇವರ ಹೆಸರು ಬರ್ಕೊಳ್ಳಿ ಮಾರಾಯ್ರೆ. ಇವರು ಮೆಟ್ಟಿಲು ಹತ್ತಿದ್ರೆ ನಾವು ಚಪ್ಪಾಳೆ ತಟ್ಟುದುಂಟು" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕು, ನಗುತ್ತಲೇ ಪೆನ್ನು ಕೇಳಿ ಸಹಿ ಹಾಕಿದೆ. ಸಂಜೆ ಮನೆಯಲ್ಲಿ ಹೇಳಿದಾಗ ಲೀನಾ ಸಾರಿನ ಸೌಟನ್ನು ಅಟ್ಟದ ಕಡೆ ತೋರಿಸಿದಳು. ಆಮೇಲೆ ಹೇಳಿದಳು: "ಹಲಗೆ ಅಟ್ಟದಲ್ಲೇ ಉಂಟು. ಈ ಸಲ ಇಳಿಸುವುದು ನೀವೇ."

ಅಭ್ಯಾಸ ಶುರುವಾಯಿತು. ಲೀನಾಳ ತಮ್ಮ ಬಹರೈನ್‌ನಿಂದ ತಂದು ಕೊಟ್ಟಿದ್ದ ಓಟದ ಬೂಟು ಒಂದು ಜೊತೆ ಇತ್ತು. ನನ್ನ ಪಾದಕ್ಕಿಂತ ಒಂದು ಸುತ್ತು ದೊಡ್ಡದು. ಮುಂದೆ ಹತ್ತಿ ತುರುಕಿದೆ. ಮೊದಲ ದಿನ ಅಲೆವೂರಿನಿಂದ ಮಣಿಪಾಲದ ಕಡೆ ಹೊರಟು ಒಂದು ತಿರುವು ದಾಟಿರಲಿಲ್ಲ, ಹಿಂದಿನಿಂದ ಬಂದ ಬಸ್ಸು ಕಿರ್ರೆಂದು ನಿಂತಿತು. ಕಂಡಕ್ಟರ್ ಬಾಗಿಲಿನಿಂದ ಅರ್ಧ ಹೊರಗೆ ಬಗ್ಗಿ, "ಪೊರ್ಬುಲೆ, ಬಲೆ ಬಲೆ!" ಎಂದು ತುಳುವಿನಲ್ಲಿ ಕೂಗಿದ. ನಮ್ಮಂಥ ಕ್ರಿಸ್ತುವರನ್ನು ತುಳುವರು ಪ್ರೀತಿಯಿಂದ ಕರೆಯುವುದು ಪೊರ್ಬು ಎಂದು; ಬಲೆ ಎಂದರೆ ಬನ್ನಿ. ನಾನು ಬಸ್ಸಿಗಾಗಿ ಓಡುತ್ತಿಲ್ಲ ಎಂದೆ. ಅವನಿಗೆ ಅರ್ಥವಾಗಲಿಲ್ಲ. "ಮತ್ತೆ ಎಂತಕ್ಕೆ ಓಡುದು?" ಎಂದು ಕೇಳಿದ. ಬಸ್ಸಿನ ಕಿಟಕಿಗಳಿಂದ ಎಲ್ಲರೂ ಉತ್ತರಕ್ಕಾಗಿ ಕಾಯುತ್ತಿದ್ದರು. ನಮ್ಮ ಕರಾವಳಿಯ ಖಾಸಗಿ ಬಸ್ಸಿನವರಿಗೆ ರಸ್ತೆಯಲ್ಲಿ ಒಬ್ಬ ಪ್ರಯಾಣಿಕನನ್ನು ಬಿಟ್ಟುಹೋಗುವುದೆಂದರೆ ಹಿಂದಿನ ಬಸ್ಸಿಗೆ ದಾನ ಮಾಡಿದ ಹಾಗೆ. ಆತ ಇಳಿದು, ನನ್ನ ರಟ್ಟೆ ಹಿಡಿದು ಹತ್ತಿಸಿಯೇಬಿಟ್ಟ. ಹೀಗೆ ಮೊದಲ ದಿನದ ಅಭ್ಯಾಸವನ್ನು ನಾನು ಕುಳಿತು ಮುಗಿಸಿದೆ.

ಎರಡನೆಯ ದಿನ ದಾರಿಯಲ್ಲಿ ಸಿಕ್ಕವರೆಲ್ಲ "ಯಾರು ತೀರಿಕೊಂಡದ್ದು?" ಎಂದು ಕೇಳಿದರು. ಮೂರನೆಯ ದಿನ ಕಾಲಿನ ಮೀನಖಂಡ ಹಿಡಿದುಕೊಂಡಿತು. ವಾರ ಕಳೆದು ಅದು ಬಿಟ್ಟಿತು ಎನ್ನುವಾಗ ನೆರೆಮನೆಯ ಭುಜಂಗ ಶೆಟ್ಟರ ನಾಯಿ ಕರಿಯ ಅದೇ ಮೀನಖಂಡವನ್ನು ಹಿಡಿಯಿತು. ಅಲ್ಲಿಯವರೆಗೆ ನಮ್ಮಿಬ್ಬರ ನಡುವೆ ಯಾವ ಮನಸ್ತಾಪವೂ ಇರಲಿಲ್ಲ. ಓಡುವವನನ್ನು ಕಂಡರೆ ನನಗಿದ್ದ ಅನುಮಾನವೇ ಅದಕ್ಕೂ ಇತ್ತೆಂದು ತೋರುತ್ತದೆ. ಹುಚ್ಚುನಾಯಿ ಕಚ್ಚಿದರೆ ಹೊಟ್ಟೆಯ ಮೇಲೆ ಸಾಲುಸಾಲಾಗಿ ಸೂಜಿ ಚುಚ್ಚುತ್ತಿದ್ದ ಕಾಲ ಅದು. ಡಾಕ್ಟರು, "ಗುರುತಿನ ನಾಯಿ ಅಲ್ವಾ? ಗಾಯಕ್ಕೆ ಔಷಧ ಹಾಕುವಾ. ಹತ್ತು ದಿನ ನಾಯಿಯನ್ನು ನೋಡಿಕೊಳ್ಳಿ. ಅದು ಹುಷಾರಾಗಿದ್ದರೆ ನೀವೂ ಹುಷಾರು" ಎಂದರು. ಲೀನಾ ಬೆಳಗಾದರೆ ಬಿಸ್ಕತ್ತಿನ ಪೊಟ್ಟಣ ಕೊಟ್ಟು ನನ್ನನ್ನು ಶೆಟ್ಟರ ಮನೆಗೆ ಅಟ್ಟುತ್ತಿದ್ದಳು. ನಾನು ಕರಿಯನ ಕಣ್ಣು ನೋಡಿ, ನಾಲಿಗೆ ನೋಡಿ, ನೀರು ಕುಡಿಯುತ್ತದೋ ಎಂದು ವಿಚಾರಿಸಿ ಬರುತ್ತಿದ್ದೆ. ಒಂದು ದಿನ ಶೆಟ್ಟರು ಕಂಬಳಿ ಹೊದ್ದು ಜಗಲಿಗೆ ಬಂದು, "ನನಗೆ ಜ್ವರ ಬಂದು ವಾರ ಆಯ್ತು ಪೊರ್ಬುಲೆ. ನನ್ನನ್ನು ಒಮ್ಮೆಯೂ ಕೇಳಿದ್ದಿಲ್ಲ ನೀವು" ಎಂದರು. ಅವರ ದುಃಖ ನ್ಯಾಯವಾದದ್ದೇ. ಆದರೆ ಕಚ್ಚಿದವರು ಅವರಲ್ಲವಲ್ಲ.

ಹತ್ತು ದಿನ ಮುಗಿಯುವಷ್ಟರಲ್ಲಿ ಕರಿಯನಿಗೆ ಬಿಸ್ಕತ್ತು ರೂಢಿಯಾಗಿಬಿಟ್ಟಿತು. ನಾನು ಓಡಲು ಹೊರಟರೆ ಅದೂ ಹಿಂದೆ ಬರುತ್ತಿತ್ತು. ನೋಡಿದವರಿಗೆ ನಾಯಿ ಅಟ್ಟಿಸಿಕೊಂಡು ಬರುತ್ತಿರುವಂತೆ ಕಾಣುತ್ತಿದ್ದುದರಿಂದ, ಕೊನೆಗೂ ನನ್ನ ಓಟಕ್ಕೆ ಊರಿನಲ್ಲಿ ಒಂದು ಮರ್ಯಾದೆಯ ಕಾರಣ ಸಿಕ್ಕಿತು.

ರಸ್ತೆ ಬೇಡ, ಮರಳಿನ ಮೇಲೆ ಓಡಿದರೆ ಕಾಲಿಗೆ ಮೆತ್ತಗೆ ಎಂದು ಯಾರೋ ಹೇಳಿದ್ದರಿಂದ ಎರಡು ಭಾನುವಾರ ಲೀನಾಳ ತವರು ಕಾಪುವಿಗೆ ಹೋದೆ. ಬೆಳಗ್ಗೆ ಎದ್ದು ದೀಪಸ್ತಂಭದ ಕಡೆಯಿಂದ ಕಡಲಬದಿಯಲ್ಲಿ ಓಡಿ, ಮೀನಿನ ಬಲೆ ಎಳೆಯುವವರ ನಡುವೆ ನುಸುಳಿ ಬರುವಷ್ಟರಲ್ಲಿ, ನಮ್ಮ ಅತ್ತೆ ಅಡುಗೆಮನೆಯಲ್ಲಿ ಮಗಳನ್ನು ಕೂರಿಸಿಕೊಂಡು ಮೆಲುದನಿಯಲ್ಲಿ ಕೇಳುತ್ತಿದ್ದರು: "ನಿಜ ಹೇಳು ಮಗಾ. ನಿಮ್ಮೊಳಗೆ ಎಂತ ಜಗಳ ಆದದ್ದು? ಗಂಡ ಹೊತ್ತು ಮೂಡುವ ಮೊದಲು ಮನೆ ಬಿಟ್ಟು ಓಡುದಂದ್ರೆ ಎಂತ?" ಮರಳು ಮೆತ್ತಗೆ ಇತ್ತು, ನಿಜ. ಎಷ್ಟು ಮೆತ್ತಗೆ ಎಂದರೆ ಕಾಲು ಅದರೊಳಗೆ ಇಳಿದು ಹಿಮ್ಮಡಿ ಸೆಳೆದುಕೊಂಡಿತು. ಮರುದಿನದಿಂದ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಡುವಾಗ ಮೊಳೆಯ ಮೇಲೆ ನಿಂತ ಹಾಗೆ.

ಮಣಿಪಾಲದಲ್ಲಿ ಕೆಲಸ ಮಾಡುವುದರ ಒಂದು ಸುಖವೆಂದರೆ, ನಮ್ಮ ದೇಹದ ಯಾವ ಭಾಗ ಕೆಟ್ಟರೂ ಅದನ್ನೇ ಓದಿಕೊಂಡ ಒಬ್ಬರು ಹತ್ತಿರದಲ್ಲೇ ಇರುತ್ತಾರೆ. ಹಿಮ್ಮಡಿಯ ಎಕ್ಸ್‌ರೇ ತೆಗೆದರು. ಎಲುಬು ಮುಳ್ಳಿನ ಹಾಗೆ ಬೆಳೆದಿತ್ತು. ಆದರೆ ದೊಡ್ಡ ಡಾಕ್ಟರಿಗೆ ಆಸಕ್ತಿ ಬಂದದ್ದು ಹಿಮ್ಮಡಿಯಲ್ಲಲ್ಲ, ಇಡೀ ಪಾದದಲ್ಲಿ. ಏಳೆಂಟು ವಿದ್ಯಾರ್ಥಿಗಳನ್ನು ಕರೆದು, "ನೋಡಿ, ಚಪ್ಪಟೆ ಪಾದ ಎಂದರೆ ಇದು. ಪುಸ್ತಕದಲ್ಲಿ ಕೂಡ ಇಷ್ಟು ಚಂದ ಇರುದಿಲ್ಲ" ಎಂದರು. ನನ್ನ ಅಂಗಾಂಗಗಳಲ್ಲಿ ಒಂದನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು. ಹುಡುಗಿಯೊಬ್ಬಳು ನನ್ನ ಅಂಗಾಲಿಗೆ ಬೆರಳೊತ್ತುತ್ತಾ, "ಸರ್, ನೀವು ಯಾಕೆ ಓಡುವುದು?" ಎಂದು ಕೇಳಿದಳು. ಬಸ್ಸಿನ ಕಂಡಕ್ಟರನಿಗೆ ಹೇಳಲಾಗದ್ದನ್ನು ಡಾಕ್ಟರಾಗುವವಳಿಗೂ ಹೇಳಲಾಗಲಿಲ್ಲ. ಹೆಂಡತಿಯ ಚೀಲದಲ್ಲಿ ಅಳತೆಯ ಟೇಪು ಸಿಕ್ಕಿತು ಎಂದರೆ ಅದು ಯಾವ ಕಾಯಿಲೆಯ ಲಕ್ಷಣವೆಂದು ಬರೆದುಕೊಂಡಾಳು? ದೊಡ್ಡ ಡಾಕ್ಟರು ಕೈ ತೊಳೆಯುತ್ತಾ ಕೇಳಿದರು:

"ಓಡಬೇಡಿ ಅಂದ್ರೆ ಕೇಳ್ತೀರಾ?"

"ಇಲ್ಲ ಡಾಕ್ಟ್ರೇ."

"ಹಾಗಾದ್ರೆ ಮೆಲ್ಲ ಓಡಿ."

"ಇದಕ್ಕಿಂತ ಮೆಲ್ಲ ಓಡಿದ್ರೆ ನಾನು ಹಿಂದಕ್ಕೆ ಹೋಗ್ತೇನೆ."

ಓಟದ ದಿನ ಬಂತು. ಭಾನುವಾರ. ಬೆಳಕು ಹರಿಯುವಾಗ ಕಾರ್ಕಳದ ಬಸ್ ನಿಲ್ದಾಣದ ಹತ್ತಿರ ಒಂದು ದಂಡು ಹುಡುಗರು ನೆಗೆಯುತ್ತಾ, ಕೈಕಾಲು ಕೊಡವುತ್ತಾ ನಿಂತಿದ್ದರು. ನಾನು ನೆಗೆಯಲು ಹೋಗಲಿಲ್ಲ. ಇದ್ದದ್ದನ್ನು ಉಳಿಸಿಕೊಳ್ಳೋಣವೆಂದು ನಿಂತೆ. ಸೀಟಿ ಊದಿದ್ದೇ ತಡ, ಹುಡುಗರು ಹೊರಟುಹೋದರು. ಹೊರಟುಹೋದರು ಎಂದರೆ ಹೊರಟೇ ಹೋದರು. ಅವರ ಬೆನ್ನನ್ನು ಆಮೇಲೆ ನಾನು ಕಂಡದ್ದಿಲ್ಲ. ಸ್ವಲ್ಪ ಹೊತ್ತಿನಲ್ಲಿ ಕಾರ್ಕಳದ ಬಂಡೆಗಳು, ಮಂಜು, ನಾನು ಇಷ್ಟೇ ಉಳಿದೆವು.

ಬೈಲೂರಿನ ಬಸ್ಸು ನಿಲ್ಲುವಲ್ಲಿ ಒಬ್ಬಳು ಹೆಂಗಸು ಕೊಡೆ ಬಿಡಿಸಿ ನಿಂತಿದ್ದಳು. ಹತ್ತಿರ ಬಂದು ನೋಡಿದರೆ ಲೀನಾ. ಮನೆಯಲ್ಲಿ, "ನಾನು ನೋಡ್ಲಿಕ್ಕೂ ಬರುದಿಲ್ಲ" ಎಂದಿದ್ದವಳು ಬೆಳಗಿನ ಮೊದಲ ಬಸ್ಸು ಹಿಡಿದು ಎದುರು ಬಂದಿದ್ದಾಳೆ. ಹೆಗಲಲ್ಲಿ ಚೀಲ, ಕೈಯಲ್ಲಿ ಫ್ಲಾಸ್ಕು. ಗಂಜಿತಿಳಿ ಬಗ್ಗಿಸಿ ಕೊಟ್ಟು, "ಸಾಕಲ್ಲ? ಹಿಂದೆ ಬಸ್ಸು ಉಂಟು" ಎಂದಳು. ನಾನು ಗಂಜಿತಿಳಿ ಕುಡಿದು ಓಡಿದೆ. ಸ್ವಲ್ಪ ಹೊತ್ತಿಗೆ ಬಸ್ಸೊಂದು ನನ್ನನ್ನು ದಾಟಿ ಹೋಯಿತು. ಹಿಂದಿನ ಕಿಟಕಿಯಲ್ಲಿ ಅವಳ ಕೊಡೆಯ ಹಿಡಿ ಕಂಡಿತು. ಹಿರಿಯಡ್ಕದಲ್ಲಿ ಮತ್ತೆ ಅವಳೇ ನಿಂತಿದ್ದಳು. "ಮುಖ ನೋಡ್ಬೇಕು ನಿಮ್ಮದು. ಹತ್ತುವಾ ಬನ್ನಿ, ಬಸ್ಸು ಬರ್ತದೆ." ಆತ್ರಾಡಿಯಲ್ಲಿ ಮತ್ತೊಮ್ಮೆ. ಆ ಹೊತ್ತಿಗೆ ಬಿಸಿಲು ಏರಿತ್ತು, ಬೂಟಿನೊಳಗಿನ ಹತ್ತಿ ಒದ್ದೆಯಾಗಿ ಗೋಲಿಯ ಹಾಗೆ ಉರುಟಾಗಿತ್ತು, ನಾನು ಓಡುತ್ತಿದ್ದೇನೋ ನಡೆಯುತ್ತಿದ್ದೇನೋ ನನಗೇ ಖಚಿತವಿರಲಿಲ್ಲ. ಸಂಘದ ಜೀಪಿನವರು ಬಂದು, "ಸರ್, ನಾವು ದಾರಿಯ ನೀರಿನ ಮೇಜು ಎಲ್ಲ ತೆಗಿತಾ ಇದ್ದೇವೆ. ನೀವು ಜೀಪಿಗೆ ಹತ್ತಿ" ಎಂದರು. ನಾನು ತಲೆ ಅಲ್ಲಾಡಿಸಿದೆ. ಮಾತಾಡಿದರೆ ಉಸಿರು ಖರ್ಚಾಗುತ್ತಿತ್ತು. ಅವರು ಪರಸ್ಪರ ಮುಖ ನೋಡಿಕೊಂಡು ಹೋದರು.

ಪರ್ಕಳದಿಂದ ಮಣಿಪಾಲಕ್ಕೆ ಏರು. ಬಸ್ಸಿನಲ್ಲಿ ಕುಳಿತವರಿಗೆ ಅದು ಗೊತ್ತಾಗುವುದು ಗೇರು ಬದಲಿಸಿದ ಸದ್ದಿನಿಂದ ಮಾತ್ರ. ಆ ಏರಿನ ಬುಡದಲ್ಲಿ ನನ್ನ ಎರಡೂ ತೊಡೆಗಳು ಒಟ್ಟಿಗೆ ಕಟ್ಟಿಕೊಂಡವು. ರಸ್ತೆಬದಿಯ ಮೋರಿಕಟ್ಟೆಯ ಮೇಲೆ ಕುಳಿತೆ. ಕುಳಿತೆ ಎನ್ನುವುದಕ್ಕಿಂತ ಇಳಿದೆ. ಪರ್ಕಳದ ನಿಲ್ದಾಣದಿಂದ ಲೀನಾ ಕೊಡೆ ಮಡಚಿ ಓಡಿ ಬಂದಳು. ಅವಳು ಓಡಿದ್ದನ್ನು ನಾನು ಮದುವೆಯಾದ ಮೇಲೆ ನೋಡಿದ್ದು ಅಂದೇ. ನನ್ನ ಬೂಟು ಬಿಚ್ಚಿದಳು. ಬೆರಳುಗಳ ಹತ್ತಿರ ಕಾಲುಚೀಲ ಕೆಂಪಾಗಿತ್ತು. ಅದನ್ನು ನೋಡಿ ಅವಳ ಮುಖ ಸಣ್ಣದಾಯಿತು.

"ಯಾರಿಗೆ ತೋರಿಸ್ಲಿಕ್ಕೆ ಇದೆಲ್ಲ?" ಎಂದು ಕೇಳಿದಳು.

ತೊಡೆ ಕಟ್ಟಿಕೊಂಡ ಮನುಷ್ಯ ಸುಳ್ಳು ಹೇಳಲಾರ. "ನಿನಗೆ" ಎಂದೆ. "ಮಾಮ ಹೇಳಿದ್ದಕ್ಕೆ ನೀನು ಹೊಲಿಗೆ ಕಲಿಯಲಿಕ್ಕೆ ಹೋದೆಯಲ್ಲ."

ಅವಳು ಬೂಟನ್ನು ಕೈಯಲ್ಲಿ ಹಿಡಿದು ನನ್ನನ್ನೇ ನೋಡಿದಳು. ನಗು ಬಂತೋ ಅಳು ಬಂತೋ ನನಗೆ ಗೊತ್ತಾಗಲಿಲ್ಲ. "ಅಯ್ಯೋ ದೇವರೇ" ಎಂದಳು. "ಮಳೆಗಾಲ ಇಡೀ ನಿಮ್ಮ ಹಲಗೆಯ ಹತ್ತಿರ ಕೂತು ಕೂತು ನನಗೆ ಹುಚ್ಚು ಹಿಡಿಯುದೊಂದು ಬಾಕಿ ಇತ್ತು. ವಾರದಲ್ಲಿ ಒಂದು ದಿನ ಹೊರಗೆ ಹೋಗ್ಲಿಕ್ಕೆ ಒಂದು ನೆಪ ಬೇಕಿತ್ತು ನನಗೆ. ಹೊಲಿಗೆಗೆ ಅಂದ್ರೆ ಯಾರೂ ಎಂತಕ್ಕೆ ಅಂತ ಕೇಳುದಿಲ್ಲ. ನೋಡಿ, ಇವತ್ತಿಗೂ ನನಗೆ ನೆಟ್ಟಗೆ ಗುಂಡಿ ಹೊಲಿಲಿಕ್ಕೆ ಬರುದಿಲ್ಲ."

ಕಾರ್ಕಳದಿಂದ ಅಲ್ಲಿಯವರೆಗೆ, ಅದಕ್ಕೂ ಮುಂಚೆ ಅಷ್ಟೊಂದು ವಾರ, ನಾಯಿಯ ಹಲ್ಲಿಗೂ ಎಕ್ಸ್‌ರೇಗೂ ಮೈ ಒಡ್ಡಿ, ನಾನು ಓಡಿದ್ದು ಒಂದು ತಪ್ಪು ತಿಳಿವಳಿಕೆಗಾಗಿ. ಇದನ್ನು ಮನೆಯಲ್ಲೇ ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಸರಿ, ಇನ್ನು ಓಡಲು ಕಾರಣವೇ ಇಲ್ಲವಲ್ಲ, ಬಸ್ಸಿನಲ್ಲೇ ಹೋಗೋಣ ಎಂದೆ. ಅವಳಿಗೂ ಬೇಕಾದದ್ದು ಅದೇ. ಕೈ ಅಡ್ಡ ಹಿಡಿದಳು, ಬಸ್ಸು ನಿಂತಿತು. ಕಿಟಕಿಯಿಂದ ಹೊರಗೆ ಬಂದದ್ದು ಪಾವ್ಲು ಮಾಮನ ತಲೆ. ಕಾರ್ಕಳದ ಕಡೆಗೆ ಯಾವುದೋ ನಂಟರ ಮನೆಗೆ ಹೋಗಿ ಹಿಂದೆ ಬರುತ್ತಿದ್ದರಂತೆ. ನನ್ನ ಬರಿಗಾಲು ನೋಡಿದರು, ಬೂಟು ನೋಡಿದರು, ಇಡೀ ಬಸ್ಸಿಗೆ ಕೇಳುವ ಹಾಗೆ ಹೇಳಿದರು: "ಹತ್ತಿಸು ಮಗಾ, ಅವನನ್ನು ಹತ್ತಿಸು. ನಾನು ಆಗಲೇ ಹೇಳಿದ್ದೆ ಅಲ್ವಾ? ಅವನ ಕೈಯಲ್ಲಿ ಆಗುದಿಲ್ಲ."

ಲೀನಾ ಮೆಟ್ಟಿಲ ಮೇಲೆ ಇಟ್ಟಿದ್ದ ಕಾಲನ್ನು ತೆಗೆದಳು. ಬೈಲೂರಿನಿಂದ ಮೊದಲ್ಗೊಂಡು ಪ್ರತಿ ನಿಲ್ದಾಣದಲ್ಲೂ ಬಸ್ಸು ಹತ್ತಿ ಎಂದವಳು, ಕಂಡಕ್ಟರನ ಕಡೆ ತಿರುಗಿ, "ನಾವು ಬರುದಿಲ್ಲ. ರೈಟ್ ಹೇಳಿ" ಎಂದಳು. ನನ್ನ ಕಡೆ ತಿರುಗಿ, "ಏಳಿ" ಎಂದಳು.

"ಕಾಲು?" ಎಂದೆ.

"ಕಾಲಿದ್ದದ್ದಕ್ಕೇ ಏಳಿ ಅಂದದ್ದು."

ಅವಳು ತನ್ನ ಕರವಸ್ತ್ರ ಹರಿದು ನನ್ನ ಬೆರಳುಗಳಿಗೆ ಸುತ್ತಿದಳು, ಹತ್ತಿಯನ್ನು ಬಿಸಾಡಿ ಬೂಟು ಹಾಕಿಸಿದಳು, ಸೀರೆಯ ನೆರಿಗೆಯನ್ನು ಒಂದಿಷ್ಟು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಜೊತೆಗೆ ಹೊರಟಳು. ಏರಿನಲ್ಲಿ ನನ್ನ ಮೊಣಕೈಯನ್ನು ಅವಳು ಹಿಡಿದಿದ್ದಳು ಎಂದು ನೋಡಿದವರು ತಿಳಿದಿರಬಹುದು; ನಿಜವಾಗಿ ನೂಕುತ್ತಿದ್ದಳು. ಮಣಿಪಾಲ ದಾಟಿದೆವು. ಕಡಿಯಾಳಿಯ ಇಳಿಜಾರಿನಲ್ಲಿ ನನ್ನ ಕಾಲುಗಳು ತಮ್ಮಷ್ಟಕ್ಕೇ ಓಡತೊಡಗಿದಾಗ ಅವಳೂ ಚಪ್ಪಲಿ ಟಪಟಪ ಎನ್ನಿಸುತ್ತಾ ಓಡಿದಳು. ದಾರಿಯುದ್ದಕ್ಕೂ ಅವಳು ಪಾವ್ಲು ಮಾಮನನ್ನು ಬೈಯುತ್ತಲೇ ಇದ್ದಳು, ಏದುಸಿರೂ ಇಲ್ಲ. ಅವಳ ಉಸಿರು ನನಗಿಂತ ಎಷ್ಟೋ ಗಟ್ಟಿ ಎಂದು ನನಗೆ ಆಗ ಹೊಳೆಯಿತು.

ಉಡುಪಿಯ ಮೈದಾನಕ್ಕೆ ಬರುವಾಗ ಎಲ್ಲ ಮುಗಿದಿರಬಹುದೆಂದುಕೊಂಡಿದ್ದೆ. ಗೆದ್ದ ಹುಡುಗರು ಊಟ ಮಾಡಿ ಮನೆಗೆ ಹೋಗಿದ್ದರು. ಆದರೆ ವೇದಿಕೆ ಬಿಚ್ಚಿರಲಿಲ್ಲ, ಮೈಕು ಕೂಗುತ್ತಿತ್ತು. ಆಗಿದ್ದ ಸಂಗತಿ ಇಷ್ಟು: ಪಾತ್ರೆ ಅಂಗಡಿಯ ಧಣಿಗಳೊಬ್ಬರು ಹೆಂಗಸರ ವಿಭಾಗಕ್ಕೆಂದು ಒಂದು ದೊಡ್ಡ ಸ್ಟೀಲಿನ ಕೊಡಪಾನ ಕೊಟ್ಟಿದ್ದರು. ಹೆಂಗಸರು ಯಾರೂ ಓಡಿರಲಿಲ್ಲ. ತಮ್ಮ ಕೈಯಾರೆ ಕೊಡದೆ ತಾವು ಏಳುವುದಿಲ್ಲವೆಂದು ಧಣಿಗಳು ವೇದಿಕೆಯಲ್ಲಿ ಕೊಡಪಾನದ ಪಕ್ಕ ಕುಳಿತೇ ಇದ್ದರು. ಸಂಘದ ಹುಡುಗರು ಏನು ಮಾಡುವುದೆಂದು ತಿಳಿಯದೆ ಒದ್ದಾಡುತ್ತಿದ್ದರು. ಅಷ್ಟರಲ್ಲಿ ಮೈದಾನದ ಬಾಗಿಲಿನಿಂದ, ಸೀರೆ ಎತ್ತಿ ಕಟ್ಟಿ, ಬೆವರು ಇಳಿಯುತ್ತಾ, ಕೆಂಪು ಮುಖದ ಒಬ್ಬಳು ಹೆಂಗಸು ಓಡಿ ಬಂದಳು. ಹಿಂದೆ ಕುಂಟುತ್ತಾ ನಾನು.

ಚಪ್ಪಾಳೆ ಬಿತ್ತು. ಇಬ್ಬರು ಹುಡುಗರು ಬಂದು ಚೀಲ, ಕೊಡೆ ತೆಗೆದುಕೊಂಡು ಅವಳನ್ನು ವೇದಿಕೆಗೆ ಕರೆದುಕೊಂಡು ಹೋದರು. ಹಾರ ಹಾಕಿದರು. ಕೊಡಪಾನ ಕೊಟ್ಟರು. ಲೀನಾ ಬೇಡ ಬೇಡ ಎಂದು ಕೈಯಾಡಿಸಿ, ಕೊನೆಗೆ ಮೈಕನ್ನೇ ಹಿಡಿದು, "ಇಲ್ಲ ಇಲ್ಲ, ನಾನು ಬಸ್ಸಿನಲ್ಲಿ ಬಂದವಳು!" ಎಂದು ಕೂಗಿದಳು. ಜನ ಹೊಟ್ಟೆ ಹಿಡಿದು ನಕ್ಕರು. ಅಷ್ಟು ದೂರ ಓಡಿ ಬಂದು ಇಂಥ ತಮಾಷೆಯನ್ನೂ ಮಾಡುತ್ತಾಳಲ್ಲ ಎಂದು ಧಣಿಗಳು ಇನ್ನೊಂದು ಹಾರ ಹಾಕಿದರು. ನಾನು ಕೆಳಗೆ ನಿಂತು, ನನ್ನ ಹೆಸರನ್ನು ಎಲ್ಲಿ ಬರೆಸಬೇಕೆಂದು ಒಬ್ಬ ಸ್ವಯಂಸೇವಕನನ್ನು ಕೇಳಿದೆ. "ಅದೆಲ್ಲ ಆಯ್ತು ಸರ್, ಹುಡುಗರ ಲೆಕ್ಕ ಮುಚ್ಚಿದ್ದೇವೆ" ಎಂದು, ನನ್ನ ಕೈಗೆ ಲೀನಾಳ ಚೀಲವನ್ನೂ ಕೊಡೆಯನ್ನೂ ಕೊಟ್ಟ.

ಮರುದಿನ ಅವಳು ಕೊಡಪಾನವನ್ನು ಹಿಂದೆ ಕೊಡಲು ಹೋದಳು. ಸಂಘದವರು ತೆಗೆದುಕೊಳ್ಳಲಿಲ್ಲ, ಧಣಿಗಳಿಗೆ ಬೇಸರವಾಗುತ್ತದೆ ಎಂದರು. ಅವಳದನ್ನು ಇಗರ್ಜಿಯ ಅಡುಗೆಗೆ ಕೊಟ್ಟು ಕೈ ತೊಳೆದುಕೊಂಡಳು. ಆದರೆ ಹೆಸರನ್ನು ಯಾವ ಇಗರ್ಜಿಗೂ ಕೊಡಲು ಬರುವುದಿಲ್ಲ. ಕೆಮ್ಮಣ್ಣಿನಲ್ಲಿ ಒಂದು ಮದುವೆಗೆ ಹೋದರೆ ಅವಳ ಸುತ್ತ ಹುಡುಗಿಯರು ಕೂಡುತ್ತಿದ್ದರು. ನನ್ನನ್ನು "ಮ್ಯಾರಥಾನ್ ಓಡಿದ ಬಾಯಮ್ಮನ ಗಂಡ" ಎಂದು ಪರಿಚಯಿಸುತ್ತಿದ್ದರು. ಪಾವ್ಲು ಮಾಮನಂತೂ, "ನಮ್ಮ ಮನೆತನದಲ್ಲೇ ಓಟ ಉಂಟು" ಎಂದು ಹೇಳಿಕೊಂಡು ತಿರುಗಿದರು.

ಮುಂದಿನ ವರ್ಷ ಸಂಘದ ಹುಡುಗರು ಮನೆಗೇ ಬಂದರು, ನನ್ನನ್ನಲ್ಲ, ಅವಳನ್ನು ಕೇಳಲು. ಲೀನಾ ಸ್ವಲ್ಪ ಯೋಚಿಸಿ, "ಈ ಸಲ ಕಾರ್ಕಳದಿಂದಲೇ ಓಡ್ತೇನೆ. ಒಮ್ಮೆ ಸರಿಯಾಗಿ ಓಡಿದ್ರೆ ನನ್ನ ಮನಸ್ಸಿಗೂ ಸಮಾಧಾನ" ಎಂದಳು. ಹುಡುಗರಿಗೆ ಸಂತೋಷವಾಯಿತು. ಹೊರಡುವಾಗ ಒಬ್ಬ, ಮರ್ಯಾದೆಗೆಂದು ನನ್ನ ಕಡೆ ತಿರುಗಿ, "ಸರ್, ನೀವೂ ಬನ್ನಿ. ಹಿರಿಯಡ್ಕದಲ್ಲಿ ಓಡುವವರಿಗೆ ನಿಂಬೆ ಶರಬತ್ತು ಕೊಡ್ಲಿಕ್ಕೆ ಜನ ಕಡಿಮೆ ಉಂಟು" ಎಂದ. ಅಷ್ಟೆಲ್ಲ ಕಷ್ಟಪಟ್ಟು ಓಡಿದವನಿಗೆ ಈ ಮಾತು ಚುಚ್ಚಬೇಕಿತ್ತು. ಒಂದು ಕ್ಷಣ ಚುಚ್ಚಿತೇನೋ ಎಂದು ಒಳಗೆ ತಡಕಿಯೂ ನೋಡಿದೆ. ಆಮೇಲೆ ಕೇಳಿದೆ:

"ಅಲ್ಲಿ ಕೂರ್ಲಿಕ್ಕೆ ಕುರ್ಚಿ ಉಂಟಾ?"